ಹೊತ್ತು ಮುಳುಗಿದ ಮೇಲೆ ಉಣ್ಣದ ಫೋನು

ವಿಜಯವಾಡದ ಆಟೋನಗರದಲ್ಲಿ ಲಾರಿಯ ಭಾರ ಹೊರುವ ಕಮಾನು ಪ್ಲೇಟು ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಬೆಳಕಿರುವಾಗಲೇ ರಾತ್ರಿಯೂಟ ಮುಗಿಸುವವರ ಅಂಗಡಿಗೆ ಹೋಗಿ ಎನ್ನುತ್ತಾರೆ. ಅಂಗಡಿಗೆ ಒಳ್ಳೆಯ ಹೆಸರಿದೆ, ಹೆಸರಿಗೊಂದು ದೊಡ್ಡ ಬೋರ್ಡಿದೆ, ಬೋರ್ಡಿನ ಸುತ್ತ ಬಣ್ಣದ ದೀಪಗಳೂ ಇವೆ. ಏನೂ ಪ್ರಯೋಜನವಾಗಿಲ್ಲ. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಹೊತ್ತು ಇಳಿಯತೊಡಗಿತೆಂದರೆ ಯಜಮಾನ ಭರತೇಶ ಗಲ್ಲಾಪೆಟ್ಟಿಗೆಯ ಹಿಂದೆ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯಲು ಕೂರುತ್ತಾನೆ. ಆ ಬೀದಿ ಇದನ್ನು ಮೂವತ್ತು ಚಿಲ್ಲರೆ ವರ್ಷದಿಂದ ನೋಡುತ್ತ ಬಂದಿದೆ.

ಅವನು ಅಥಣಿ ಕಡೆಯ ಜೈನರವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಸೋದರಮಾವನ ಅಂಗಡಿಗೆ ಕೈಯಾಸರೆಯಾಗಲೆಂದು ಬಂದವನು, ಮಾವ ಊರಿಗೆ ಮರಳಿದರೂ ತಾನು ಉಳಿದುಬಿಟ್ಟ. ತೆಲುಗನ್ನು ಲಾರಿ ಡ್ರೈವರುಗಳಿಂದ ಕಲಿತದ್ದರಿಂದ ಅದರಲ್ಲಿ ಬೈಗುಳ ಹೆಚ್ಚು, ಬಹುವಚನ ಕಡಿಮೆ. ಎದುರು ಮನೆಯ ಲಕ್ಷ್ಮೀಪ್ರಸನ್ನ ಇವನ ಮಾತು ಕೇಳಿ ಬಾಗಿಲ ಮರೆಯಲ್ಲಿ ನಗುತ್ತಿದ್ದಳು. ನಕ್ಕು ನಕ್ಕು ತಿದ್ದತೊಡಗಿದಳು, ತಿದ್ದುವ ಕೆಲಸ ಬೇಗ ಮುಗಿಯುವಂತೆ ಕಾಣದ್ದರಿಂದ ಮದುವೆಯಾದಳು. ಎರಡೂ ಮನೆಯವರು ಒಂದಷ್ಟು ದಿನ ಮುಖ ಊದಿಸಿಕೊಂಡು ಆಮೇಲೆ ಸುಮ್ಮನಾದರು. ಅವಳು ಅತ್ತೆಯಿಂದ ಅಥಣಿಯ ಕನ್ನಡ ಕಲಿತಳು, ಆದರೆ ಗಂಡನನ್ನು ಕರೆಯುವಾಗ ಮಾತ್ರ ಇಂದಿಗೂ 'ಏಮಂಡಿ'ಯೇ. ಆ ಮನೆಯಲ್ಲಿ ಒಲೆ ಒಂದೇ, ರಾತ್ರಿಯೂಟದ ಹೊತ್ತು ಎರಡು. ಅವನದು ಸೂರ್ಯನ ಜೊತೆಗೆ, ಅವಳದು ಪಾತ್ರೆ ತೊಳೆಯುವ ಮುಂಚೆ.

ಒಬ್ಬಳೇ ಮಗಳು ಸಾಹಿತ್ಯ. ಈಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದಾಳೆ, ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಅಪ್ಪ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅವಳ ಮಗಳು ಚಿನ್ನಿ. ಹುಟ್ಟಿದಾಗ ಉದ್ದನೆಯ ಹೆಸರೊಂದನ್ನು ಇಟ್ಟಿದ್ದಾರೆ, ಯಾರೂ ಅದನ್ನು ಬಳಸುವುದಿಲ್ಲ. ಹಿಂದಿನ ಬೇಸಗೆಯಲ್ಲಿ ಅಜ್ಜ ಹೋಗಿದ್ದಾಗ ಎಲ್ಲರೂ ಭೀಮುನಿಪಟ್ಟಣದ ಕಡಲ ದಂಡೆಗೆ ಹೋಗಿದ್ದರು. ಚಿನ್ನಿಯನ್ನು ಮರಳ ಮೇಲೆ ಕೂರಿಸಿದರೆ ಅಜ್ಜನ ಪಂಚೆ ಹಿಡಿದುಕೊಂಡು ಮೊಣಕಾಲೂರಿ ಏಳಲು ನೋಡಿದ್ದಳು. ಪಂಚೆಯೇ ಕೆಳಗೆ ಬರುವಂತಾಗಿ ಅಜ್ಜ ಎರಡೂ ಕೈಯಿಂದ ಸೊಂಟ ಹಿಡಿದು ನಿಂತದ್ದನ್ನು ಅಳಿಯ ಸಾಯಿಕಿರಣ್ ಫೋಟೋ ತೆಗೆದಿದ್ದಾನೆ. ಆ ಫೋಟೋ ಅಂಗಡಿಗೆ ಬಂದವರೆಲ್ಲರ ಕಣ್ಣಿಗೆ ಒಮ್ಮೆಯಾದರೂ ಬಿದ್ದಿದೆ.

ಫೋನು ಭರತೇಶನ ಬದುಕಿಗೆ ತಡವಾಗಿ ಬಂತು, ಬಂದದ್ದೇ ಯಜಮಾನಿಕೆ ಶುರುಮಾಡಿತು. ರಾತ್ರಿ ಮಂಚದ ಮೇಲೆ ಮೈಚಾಚಿದರೆ ಘಾಟಿಯಲ್ಲಿ ಲಾರಿ ತಿರುಗಿಸುವ ವಿಡಿಯೋ, ಮೊಣಕಾಲು ನೋವಿಗೆ ಮನೆಮದ್ದು, ಯಾವುದೋ ದೇಶದಲ್ಲಿ ಯಾರೋ ಬಾವಿ ತೋಡುವುದು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಹೊಟ್ಟೆಗೆ ಸಂಜೆಯೇ ಬೀಗ ಹಾಕುವ ಮನುಷ್ಯ ಕಣ್ಣಿಗೆ ಮಾತ್ರ ರಾತ್ರಿಯಿಡೀ ಉಣಿಸುತ್ತಾನೆ ಎಂದು ಲಕ್ಷ್ಮೀಪ್ರಸನ್ನ ಆಡಿಕೊಳ್ಳುತ್ತಿದ್ದಳು. ಆ ಮಾತು ಅವನಿಗೆ ನಾಟಿತ್ತು, ಹೊರಗೆ ತೋರಿಸಿಕೊಂಡಿರಲಿಲ್ಲ ಅಷ್ಟೆ.

ಭೀಮುನಿಪಟ್ಟಣಕ್ಕೆ ಹೋಗಿಬಂದ ವರ್ಷವೇ, ಮಳೆಗಾಲದ ಚಾತುರ್ಮಾಸಕ್ಕೆ ಜೈನ ಸನ್ಯಾಸಿನಿ ಮಾತಾಜಿಯೊಬ್ಬರು ವಿಜಯವಾಡಕ್ಕೆ ಬಂದು ಬಸದಿಯಲ್ಲಿ ಉಳಿದರು. ದೀಪಾವಳಿಯವರೆಗೆ ಒಬ್ಬೊಬ್ಬರೂ ಒಂದೊಂದು ನೇಮ ಹಿಡಿಯಬೇಕು, ಬಿಡಲು ಕಷ್ಟವಾದದ್ದನ್ನೇ ಬಿಡಬೇಕು ಎಂದರು. ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ಹಗಲು ನಿದ್ದೆ ಬಿಟ್ಟರು. ಸಕ್ಕರೆ ಕಾಯಿಲೆಯವರೊಬ್ಬರು ಸಿಹಿ ಬಿಟ್ಟೆನೆಂದು ದೊಡ್ಡ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಭರತೇಶನ ಸರದಿ ಬಂದಾಗ ಅವನು ಎದ್ದು ನಿಂತು, ಹೊತ್ತು ಮುಳುಗಿದ ಮೇಲೆ ಅನ್ನದ ಹಾಗೆಯೇ ಫೋನಿನ ನೆಟ್ಟನ್ನೂ ಮುಟ್ಟುವುದಿಲ್ಲ ಎಂದುಬಿಟ್ಟ. ನಿಮ್ಮಿಂದ ಆಗುತ್ತದೆಯೇ ಎಂದು ಮಾತಾಜಿ ಕೇಳಿದರು. ಅಷ್ಟು ಜನರ ಎದುರಿಗೆ ಆಗುವುದಿಲ್ಲ ಎನ್ನಲಾದೀತೇ? ಹೆಂಗಸರ ಸಾಲಿನಲ್ಲಿದ್ದ ಲಕ್ಷ್ಮೀಪ್ರಸನ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಹಟ ಹಿಡಿದು ನಡೆಸಿದ. ಮೊದಮೊದಲು ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. ಆಗ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದ. ಲಾರಿಗಳ ವಿಡಿಯೋ ಬಿಟ್ಟದ್ದಕ್ಕೆ ಅವನಿಗೆ ಒಂದು ಚೂರೂ ಬೇಸರವಾಗಲಿಲ್ಲ. ಕಷ್ಟವಾದದ್ದು ಒಂದೇ, ಚಿನ್ನಿಯದು. ಸಾಹಿತ್ಯ ಕೆಲಸ ಮುಗಿಸಿ, ಮಗುವನ್ನು ನೋಡಿಕೊಳ್ಳುವವರ ಮನೆಯಿಂದ ಕರೆತಂದು, ಉಣಿಸಿ, ವಿಡಿಯೋ ಕರೆ ಮಾಡುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ? ಭಾನುವಾರ ಮಧ್ಯಾಹ್ನ ಕರೆ ಬರುತ್ತಿತ್ತು ನಿಜ. ಆಗ ಚಿನ್ನಿ ನಿದ್ದೆಯಲ್ಲಿರುತ್ತಿದ್ದಳು, ಇಲ್ಲವೇ ರಂಪದಲ್ಲಿ. ಅವಳಿಗೆ ಕಳೆ ಬರುವುದೇ ದೀಪ ಹಚ್ಚಿದ ಮೇಲೆ.

ಮೊದಲು ಗಂಡ ಹೆಂಡತಿ ಹಾಲಿನಲ್ಲಿ ಒಟ್ಟಿಗೆ ಕೂತು ನೋಡುತ್ತಿದ್ದರು. ನೇಮ ಹಿಡಿದ ಮೇಲೆ ಲಕ್ಷ್ಮೀಪ್ರಸನ್ನ ತನ್ನ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು, ಎದುರಿಗೆ ಉಂಡು ಅವನ ಆಸೆ ಕೆಣಕಬಾರದೆಂದು. ಅಲ್ಲಿಂದ ನಗು ಕೇಳಿಬರುತ್ತಿತ್ತು. ಚಿನ್ನಿ ಮಂಚದ ಅಂಚು ಹಿಡಿದು ನಿಲ್ಲುತ್ತಾಳಂತೆ, ಒಂದು ಕೈ ಬಿಡುತ್ತಾಳಂತೆ, ಇವತ್ತೋ ನಾಳೆಯೋ ನಡೆಯುತ್ತಾಳಂತೆ. ಭರತೇಶ ಹಾಲಿನಲ್ಲಿ ಕೂತಲ್ಲೇ ಕಿವಿ ನಿಗುರಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಸಾಹಿತ್ಯ ಮೊದಲ ಹೆಜ್ಜೆ ಇಟ್ಟ ದಿನ ಅವನು ಅಂಗಡಿಯ ಮುಂದೆ ಲಾರಿಯೊಂದರ ಅಡಿಯಲ್ಲಿ ಮಲಗಿದ್ದ. ಮನೆಗೆ ಬಂದಾಗ ಎಲ್ಲರೂ ನೋಡಿ ಮುಗಿಸಿದ್ದರು. ಮೊಮ್ಮಗಳದ್ದನ್ನಾದರೂ ನೋಡಬೇಕೆಂಬ ಆಸೆ ಅವನಿಗೆ ನೇಮಕ್ಕಿಂತ ಹಳೆಯದು. ಹಾಗೆಂದು ಆಡಿದ ಮಾತಿಗೆ ತಪ್ಪುವ ಜಾತಿಯೂ ಅವನದಲ್ಲ. ದೀಪಾವಳಿ ಕಳೆಯುವವರೆಗೆ ಆ ಪುಟ್ಟ ಕಾಲು ತಡೆದುಕೊಂಡಿದ್ದರೆ ಸಾಕು ಎಂದು ದಿನವೂ ಬಸದಿಯಲ್ಲಿ ಕೈಮುಗಿಯುತ್ತಿದ್ದ. ಮೊಮ್ಮಗು ಬೇಗ ನಡೆಯದಿರಲಿ ಎಂದು ಬೇಡಿಕೊಂಡ ಅಜ್ಜ ಲೋಕದಲ್ಲಿ ಇವನೊಬ್ಬನೇ ಇರಬೇಕು.

ಹೀಗೆ ನೇಮ ಸಸೂತ್ರವಾಗಿ ಸಾಗಿದ್ದಾಗ ಬಾಬ್ಜಿ ಅಡ್ಡ ಬಂದ. ಬಾಬ್ಜಿಯದು ಪಕ್ಕದ ಅಂಗಡಿ, ಲಾರಿಗಳ ವೈರಿಂಗ್ ಕೆಲಸ. ಭರತೇಶನ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆಂದು ಅದನ್ನು ಕೈಗೆ ತೆಗೆದುಕೊಂಡು ಒಳಗೆಲ್ಲ ತಡಕಾಡಿದವನು, ಗಹಗಹಿಸಿ ನಕ್ಕ. ಅಣ್ಣಗಾರು ಉಪವಾಸ, ಅಣ್ಣಗಾರ ಫೋನು ಮಾತ್ರ ರಾತ್ರಿಯೆಲ್ಲ ಭೋಜನ ಎಂದ. ಪರದೆಯ ಮೇಲೆ ಗೆರೆಗಳ ಚಿತ್ರವೊಂದಿತ್ತು. ಹಗಲಿನಲ್ಲಿ ಏರಿದ ಗೆರೆ ಸಂಜೆ ಇಳಿದು, ಇಳಿದ ಮೇಲೂ ಅಲ್ಲಲ್ಲಿ ಗುಡ್ಡ ಎಬ್ಬಿಸಿತ್ತು. ಭರತೇಶ ಮುಟ್ಟದಿದ್ದಾಗಲೂ ಫೋನು ತನ್ನಷ್ಟಕ್ಕೆ ತಾನು ನೆಟ್ಟಿನಿಂದ ಏನೇನೋ ಎಳೆದುಕೊಂಡಿತ್ತು.

ಅವನ ಮುಖ ಕಪ್ಪಿಟ್ಟಿತು. ಫೋನು ಅವನದು, ಸಿಮ್ಮು ಅವನದು, ಹೊತ್ತು ಮುಳುಗಿದ ಮೇಲೆ ಅದು ಉಂಡರೆ ದೋಷ ಯಾರದು? ಇಷ್ಟಕ್ಕೇಕೆ ತಲೆಬಿಸಿ, ಸಂಜೆ ಡೇಟಾ ಆಫ್ ಮಾಡಿದರೆ ಮುಗಿಯಿತು ಎಂದ ಬಾಬ್ಜಿ. ಬುದ್ಧಿ ನೆಟ್ಟಗಿರುವ ಯಾರಾದರೂ ಹಾಗೇ ಮಾಡುತ್ತಿದ್ದರು. ಭರತೇಶ ಒಪ್ಪಲಿಲ್ಲ. ಬಾಯಿ ಕಟ್ಟಿ ಕೂರಿಸಿದರೆ ಅದು ಶಿಕ್ಷೆಯಾಗುತ್ತದೆ, ಉಪವಾಸವಾಗುವುದಿಲ್ಲ, ಎದುರಿಗೆ ಎಲೆ ಹಾಕಿದ್ದರೂ ಕೈ ನೀಡದಿದ್ದರೆ ಮಾತ್ರ ವ್ರತ, ನಮ್ಮ ಮನೆಯಲ್ಲಿ ಯಾರೂ ಅಡುಗೆಮನೆಗೆ ಬೀಗ ಹಾಕಿ ಉಪವಾಸ ಮಾಡಿಲ್ಲ ಎಂದು ತೆಲುಗಿನಲ್ಲಿ ಪ್ರವಚನವನ್ನೇ ಕೊಟ್ಟ. ಬಾಯಿ ತೆರೆದಿಟ್ಟೇ ಫೋನಿಗೆ ಶಿಸ್ತು ಕಲಿಸುತ್ತೇನೆಂದ. ಬಾಬ್ಜಿ ತಲೆ ಚಚ್ಚಿಕೊಂಡು, ಫೋನಿನ ಒಳಗಿನದನ್ನು ಹೊರಗೆ ತೋರಿಸುವ ಆಪೊಂದನ್ನು ಹಾಕಿಕೊಟ್ಟ.

ಅಂದಿನಿಂದ ಪರದೆಯ ಮೇಲ್ಮೂಲೆಯಲ್ಲಿ ಸಣ್ಣ ಅಂಕಿಗಳ ಸಾಲೊಂದು ಸದಾ ಮಿಣುಕತೊಡಗಿತು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ನೆಟ್ಟಿನಿಂದ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ. ಭರತೇಶ ಇವಕ್ಕೆ ತನ್ನದೇ ಹೆಸರಿಟ್ಟ. ನೆಟ್ಟು ಬಾಯಿ, ಪ್ರೊಸೆಸರ್ ಹೊಟ್ಟೆ, ಮೆಮೊರಿ ಅಟ್ಟ. ಸಂಜೆ ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು ಎದುರಿಗೆ ಕುರ್ಚಿ ಎಳೆದುಕೊಂಡು ಕಾವಲು ಕೂರುತ್ತಿದ್ದ. ಬಾಯಿ ಅಲುಗಿದ್ದು ಕಂಡರೆ ಮರುದಿನ ಹಗಲಲ್ಲಿ ಬಾಬ್ಜಿಯನ್ನು ಕರೆದು ತಪ್ಪಿತಸ್ಥ ಯಾರೆಂದು ಹುಡುಕಿಸಿ, ಆ ಆಪಿಗೆ ಹಿಂಬಾಗಿಲು ಮುಚ್ಚಿಸುತ್ತಿದ್ದ.

ಮೊದಲು ಸಿಕ್ಕಿಬಿದ್ದದ್ದು ಹವಾಮಾನದ ಆಪು. ಕೇಳದಿದ್ದರೂ ಮಳೆಯ ಸುದ್ದಿ ತರುತ್ತಿತ್ತು. ಆಮೇಲೆ ಪತ್ರಿಕೆಯದು, ಆಮೇಲೆ ಪಂಚಾಂಗದ್ದು. ಎಲ್ಲಕ್ಕಿಂತ ದೊಡ್ಡ ಹೊಟ್ಟೆಬಾಕ ಯಾರೆಂದರೆ ಬಸದಿಯ ವಾಟ್ಸಾಪ್ ಗುಂಪು. ನೇಮ ಹಿಡಿದ ಭಕ್ತರೆಲ್ಲ ಸೇರಿ ರಾತ್ರಿ ಒಬ್ಬರಿಗೊಬ್ಬರು ಶುಭರಾತ್ರಿಯ ಚಿತ್ರ ಕಳಿಸುತ್ತಿದ್ದರು, ಅವೆಲ್ಲ ಇವನ ಫೋನಿಗೆ ತಾವಾಗಿ ಬಂದು ಬೀಳುತ್ತಿದ್ದವು. ಚಿತ್ರಗಳು ಕೇಳದೆ ಇಳಿಯದಂತೆ ಮಾಡಿಸಿ ಅವನು ನಿಟ್ಟುಸಿರು ಬಿಟ್ಟ.

ಒಂದು ಸಂಜೆ ಬಾಯಿ ಪೂರ್ತಿ ಮುಚ್ಚಿದ್ದರೂ ಹೊಟ್ಟೆಯ ಅಂಕಿ ಏರಿ ಫೋನು ಬೆಚ್ಚಗಾಯಿತು. ಹೌಹಾರಿ ವಿಚಾರಿಸಿದರೆ, ಚಾರ್ಜಿಗೆ ಹಾಕಿದಾಗ ಅದು ಒಳಗಿರುವ ಫೋಟೋಗಳನ್ನೇ ಮುಖ ನೋಡಿ ನೋಡಿ ಬೇರೆ ಮಾಡುತ್ತದಂತೆ. ಭರತೇಶ ಯೋಚಿಸಿ ತೀರ್ಪು ಕೊಟ್ಟ. ಹಗಲು ಮೇದದ್ದನ್ನು ಆಕಳು ರಾತ್ರಿ ಮೆಲುಕು ಹಾಕಿದರೆ ಅದು ಹೊಸದಾಗಿ ಉಂಡ ಹಾಗಲ್ಲ, ಇರಲಿ ಎಂದ. ಅಟ್ಟವನ್ನೂ ದಿನಕ್ಕೆ ಹತ್ತು ಸಲ ಖಾಲಿ ಮಾಡುತ್ತಿದ್ದ. ಖಾಲಿ ಅಟ್ಟದಿಂದ ಪುಣ್ಯವೇನೂ ಬರುವುದಿಲ್ಲ, ಇಳಿಸಿದ ಸಾಮಾನನ್ನು ಫೋನು ಮತ್ತೆ ಹತ್ತಿಸಿ ಸುಸ್ತಾಗುತ್ತದೆ ಎಂದು ಬಾಬ್ಜಿ ಬೈದ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟ.

ಇಷ್ಟೆಲ್ಲ ಆದರೂ ಒಬ್ಬ ಕಳ್ಳ ಮಾತ್ರ ಕೈಗೆ ಸಿಗಲಿಲ್ಲ. ದೀಪ ಹಚ್ಚಿ ಸ್ವಲ್ಪ ಹೊತ್ತಾಗಿರುತ್ತಿತ್ತು, ಭರತೇಶ ಬೆಳಗಿನ ಪತ್ರಿಕೆಯನ್ನೇ ಎರಡನೆಯ ಸಲ ಓದುತ್ತಿರುತ್ತಿದ್ದ, ಆಗ ಬಾಯಿ ತಟ್ಟನೆ ತೆರೆಯುತ್ತಿತ್ತು. ಸೊನ್ನೆಯಲ್ಲಿದ್ದ ಅಂಕಿ ನೂರುಗಳಿಗೆ ಹಾರಿ ಗಬಗಬ ಉಂಡು, ಆಮೇಲೆ ಬಾಯಿ ಒರೆಸಿಕೊಂಡಂತೆ ಸುಮ್ಮನಾಗುತ್ತಿತ್ತು. ದಿನವೂ ಇದೇ ಕತೆ. ಆಪುಗಳ ಪಟ್ಟಿಯಲ್ಲಿ ಎಲ್ಲರೂ ಸಾಧುಗಳ ಹಾಗೆ ಕೂತಿದ್ದರು. ಎಲ್ಲರಿಗಿಂತ ಮೇಲೆ ಹಾಟ್‌ಸ್ಪಾಟಿನ ಹೆಸರಿತ್ತು, ಆದರೆ ಅದು ಅಂಗಡಿಯ ಲೆಕ್ಕ. ಅಂಗಡಿಯಲ್ಲಿ ಬಿಲ್ಲು ಹಾಕುವ ಕಂಪ್ಯೂಟರಿಗೆ ಇವನ ಫೋನಿನಿಂದಲೇ ನೆಟ್ಟು ಹೋಗುತ್ತಿತ್ತು. ಹಗಲೂಟ ತಾನೇ ಎಂದು ಅದನ್ನು ದಾಟಿ ಮುಂದೆ ಹೋಗುತ್ತಿದ್ದ. ಸಂಶಯದ ಮೇಲೆ ಪಂಚಾಂಗವನ್ನೇ ಕಿತ್ತುಹಾಕಿದ, ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಅವನಿಗೆ ನಿಜವಾಗಿಯೂ ದುಃಖವಾಯಿತು. ಮೊಮ್ಮಗಳ ಮುಖವನ್ನೂ ಬಿಟ್ಟು ಹಿಡಿದ ನೇಮ ದಿನವೂ ಕಣ್ಣೆದುರಿಗೇ ಮುರಿಯುತ್ತಿದೆ, ಮುರಿಯುತ್ತಿರುವವರು ಯಾರೆಂದೂ ತಿಳಿಯುತ್ತಿಲ್ಲ. ಹಾಗಾದರೆ ಈ ಬಿಟ್ಟದ್ದೆಲ್ಲ ಯಾವ ಸುಖಕ್ಕೆ? ಮಾತಾಜಿಯವರ ಎದುರಿಗೆ ಹೋಗಲೂ ನಾಚಿಕೆಯಾಗಿ ಬಸದಿಯಲ್ಲಿ ಕಂಬದ ಮರೆಗೆ ಕೂರತೊಡಗಿದ. ಕೊನೆಗೆ ಒಂದು ಉಪಾಯ ಹೂಡಿದ. ಕಳ್ಳ ಉಣ್ಣುತ್ತಿರುವಾಗಲೇ ಎಲೆ ಎಳೆದುಬಿಡುವುದು, ಮತ್ತೆ ಹಾಕಿದಾಗ ಯಾರು ಮೊದಲು ಓಡಿಬರುತ್ತಾರೋ ನೋಡುವುದು.

ಆ ಸಂಜೆ ಅಂಕಿ ಹಾರಿದ್ದೇ ತಡ, ಡೇಟಾ ಆಫ್ ಮಾಡಿದ. ಅಂಕಿ ಸೊನ್ನೆಗೆ ಬಿತ್ತು. ಅಡುಗೆಮನೆಯಲ್ಲಿ ನಗು ನಿಂತಿತು. ಹಲೋ, ಸಾಹಿತ್ಯಾ, ಹಲೋ ಎಂದು ಲಕ್ಷ್ಮೀಪ್ರಸನ್ನ ನಾಲ್ಕಾರು ಸಲ ಕರೆದಳು. ಆಮೇಲೆ ಫೋನು ಹಿಡಿದುಕೊಂಡು ಹಾಲಿನ ಬಾಗಿಲಿಗೆ ಬಂದಳು. ಅವಳ ಕಣ್ಣು ತುಂಬಿತ್ತು.

"ಏಮಂಡಿ, ಚಿನ್ನಿ ಎರಡೂ ಕೈ ಬಿಟ್ಟು ನಿಂತಿದ್ಳು ರೀ. ಹೆಜ್ಜಿ ಎತ್ತಾಕ ಹತ್ತಿದ್ಳು. ಅಷ್ಟರಾಗ ಕಟ್ ಆತು."

ಭರತೇಶ ಅವಳ ಕೈಯಲ್ಲಿದ್ದ ಫೋನನ್ನು ನೋಡಿದ, ತನ್ನ ಕೈಯಲ್ಲಿದ್ದುದನ್ನು ನೋಡಿದ. ಡೇಟಾ ಮತ್ತೆ ಹಾಕಿದ. ತುಸು ಹೊತ್ತಿಗೆ ಅವಳ ಫೋನು ರಿಂಗಾಯಿತು, ಇವನ ಫೋನಿನ ಮೂಲೆಯಲ್ಲಿ ಅಂಕಿ ಏರಿತು. ಅವಳು ಆತುರದಿಂದ ಒಳಗೆ ಓಡಿದಳು. ಇವನು ಕುರ್ಚಿಯ ಮೇಲೆ ಕುಸಿದು ಕೂತ.

ಕಳ್ಳತನ ಯಾರೂ ಮಾಡಿರಲಿಲ್ಲ. ಅಂಗಡಿಯ ಬಿಲ್ಲು ಪದೇ ಪದೇ ನಿಲ್ಲಬಾರದೆಂದು ಹಾಟ್‌ಸ್ಪಾಟು ತಾನಾಗಿ ಆರದಂತೆ ಬಾಬ್ಜಿಯೇ ಎಂದೋ ಮಾಡಿಟ್ಟಿದ್ದ. ಅದರ ಗುರುತು ವರ್ಷಗಳಿಂದ ಅಲ್ಲೇ ಕೂತು ಕೂತು ಭರತೇಶನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು. ಲಕ್ಷ್ಮೀಪ್ರಸನ್ನ ಒಮ್ಮೆ ಅಂಗಡಿಯಲ್ಲಿ ಕೂತಿದ್ದಾಗ ಅವಳ ಫೋನಿಗೂ ಇದರ ಪರಿಚಯ ಮಾಡಿಸಿದ್ದರು. ಅಂದಿನಿಂದ ಇವನು ಮನೆ ಹೊಕ್ಕ ಕೂಡಲೇ ಅವಳ ಫೋನು ಇವನ ಫೋನಿನ ಕೊರಳಿಗೆ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಅವಳ ಸಿಮ್ಮಿಗೆ ಸಿಗ್ನಲ್ಲು ಒಂದೇ ಕಡ್ಡಿ, ಆದರೂ ಚಿತ್ರ ಇಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಅವಳು ತನ್ನ ಫೋನನ್ನೇ ಹೊಗಳುತ್ತಿದ್ದಳು. ಇವನು ಕಾವಲು ಕೂತು ಹುಡುಕಿದ ಹೊಟ್ಟೆಬಾಕ ಚಿನ್ನಿಯೇ ಆಗಿದ್ದಳು.

ಚಿನ್ನಿ ಅಂದು ಹೆಜ್ಜೆ ಇಡಲಿಲ್ಲ, ನಿಂತವಳು ಹಾಗೇ ಕೂತುಬಿಟ್ಟಳಂತೆ. ಅದನ್ನು ಕೇಳಿ ಭರತೇಶನಿಗೆ ಹೋದ ಜೀವ ಬಂತು. ತಾನು ನೋಡುವುದು ಹಾಗಿರಲಿ, ಮಗಳ ಮೊದಲ ಹೆಜ್ಜೆ ಕಂಡ ಭಾಗ್ಯವಂತೆಗೆ ಮೊಮ್ಮಗಳದನ್ನು ತಪ್ಪಿಸಿಬಿಡುತ್ತಿದ್ದೆನಲ್ಲ ಎಂದು ಪೇಚಾಡಿದ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ನಗುತ್ತಾಳೆಂದುಕೊಂಡಿದ್ದ, ನಗಲಿಲ್ಲ. ನಾಳೆಯಿಂದ ಸಿಗ್ನಲ್ಲು ಬರುವ ವರಾಂಡದಲ್ಲೇ ಕೂತು ಮಾತಾಡುತ್ತೇನೆ, ಸೊಳ್ಳೆ ಕಚ್ಚಿದರೆ ಕಚ್ಚಲಿ, ನಿಮ್ಮ ನೇಮ ಕೆಡುವುದು ಬೇಡ ಎಂದಳು. ಅವಳು ತಟ್ಟೆ ಒರೆಸುತ್ತ, ಅವನತ್ತ ನೋಡದೆ ಇನ್ನೊಂದು ಮಾತು ಹೇಳಿದಳು.

"ನೀವು ಉಣ್ಣೂದಿಲ್ಲ, ಸರಿ. ನಮಗ ಬಡಸೂದಕ್ಕೂ ನೇಮ ಅಡ್ಡ ಬರ್ತದೇನ್ರಿ?"

ಭರತೇಶನಿಗೆ ಅವ್ವನ ನೆನಪಾಯಿತು. ಹೊತ್ತು ಮುಳುಗಿದ ಮೇಲೆ ತಾನು ಹನಿ ನೀರನ್ನೂ ಮುಟ್ಟದವಳು, ಕೊನೆಯ ಬಸ್ಸಿಗೆ ಹಸಿದು ಬಂದವರಿಗೆ ಅವಲಕ್ಕಿ ಬಾಳೆಹಣ್ಣು ಕೊಡದೆ ಮಲಗಿದ್ದಿಲ್ಲ. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ, ಕಂಬದ ಮರೆ ಬಿಟ್ಟು ಮುಂದೆ ಬಂದು ಮಾತಾಜಿಯವರಿಗೆ ಎಲ್ಲವನ್ನೂ ಒಪ್ಪಿಸಿದ. ಬಾಯಿ, ಹೊಟ್ಟೆ, ಅಟ್ಟ, ಹಾಟ್‌ಸ್ಪಾಟು, ಒಂದನ್ನೂ ಬಿಡಲಿಲ್ಲ. ಅವರು ತಾಳ್ಮೆಯಿಂದ ಕೇಳಿ, ನೀವು ನೋಡಿದಿರಾ ಎಂದಷ್ಟೇ ಕೇಳಿದರು. ಇಲ್ಲ ಎಂದ. ಮತ್ತೇನು ಎಂದು ನವಿಲುಗರಿಯ ಪಿಂಛಿ ಎತ್ತಿ ಹರಸಿ ಕಳಿಸಿದರು.

ಆಮೇಲೆ ಸಂಜೆಗಳ ರೀತಿಯೇ ಬದಲಾಯಿತು. ಭರತೇಶ ಮನೆಗೆ ಬಂದವನೇ ಹಾಟ್‌ಸ್ಪಾಟು ಇದೆಯೇ ಎಂದು ತಾನೇ ಖಾತ್ರಿ ಮಾಡಿಕೊಂಡು ಫೋನನ್ನು ಹಾಲಿನ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದ. ಲಕ್ಷ್ಮೀಪ್ರಸನ್ನ ತನ್ನ ಫೋನಿನೊಂದಿಗೆ ಅಡುಗೆಮನೆಗೆ ಹೋಗುತ್ತಿದ್ದಳು. ಇವನು ಪತ್ರಿಕೆ ಹಿಡಿದು ಕೂರುತ್ತಿದ್ದ, ಕಣ್ಣು ಮಾತ್ರ ಮೂಲೆಯ ಅಂಕಿಯ ಮೇಲೆ. ಅಂಕಿ ನೋಡುವುದೂ ಉಂಡಂತೆಯೇ ಎಂದು ಒಳಗೆ ಸಣ್ಣ ತಕರಾರೆದ್ದಿತು. ಪಕ್ಕದ ಮನೆಯ ಒಗ್ಗರಣೆಯ ಘಮ ಮೂಗಿಗೆ ಬಂದರೆ ಯಾರ ಉಪವಾಸವೂ ಮುರಿಯುವುದಿಲ್ಲ ಎಂದು ತಾನೇ ವಾದಿಸಿ ತಾನೇ ಗೆದ್ದ.

ನೋಡುತ್ತ ನೋಡುತ್ತ ಅವನಿಗೆ ಒಂದು ಸಂಗತಿ ಹೊಳೆಯಿತು. ಸಾಹಿತ್ಯ ಒಬ್ಬಳೇ ಕೂತು ಮಾತಾಡುವಾಗ ಅಂಕಿ ತಗ್ಗಿನಲ್ಲಿರುತ್ತದೆ. ಚಿನ್ನಿ ಅಂಬೆಗಾಲಿಟ್ಟು ನುಗ್ಗಿದರೆ ಏರುತ್ತದೆ. ಚಿತ್ರ ಅಲುಗಾಡಿದಷ್ಟೂ ಫೋನಿಗೆ ಹೊರೆ ಹೆಚ್ಚು ಎಂದು ಬಾಬ್ಜಿ ಆಮೇಲೆ ಬಿಡಿಸಿ ಹೇಳಿದ. ಚಿನ್ನಿ ಅಮ್ಮನ ಫೋನನ್ನೇ ಬಾಯಿಗಿಟ್ಟುಕೊಂಡರೆ ಚಿತ್ರ ಕತ್ತಲಾಗಿ ಅಂಕಿ ದಿಢೀರನೆ ಬೀಳುತ್ತದೆ, ಅದೇ ಹೊತ್ತಿಗೆ ಅಡುಗೆಮನೆಯಿಂದ ಅಯ್ಯೋ, ಉಗುಳು ಎಂಬ ಮಾತು ಬರುತ್ತದೆ. ಹೀಗೆ ಅಂಕಿಯನ್ನೂ ಮಾತನ್ನೂ ಹೊಂದಿಸಿ ಹೊಂದಿಸಿ, ಕೆಲವೇ ದಿನಗಳಲ್ಲಿ ಅವನಿಗೆ ಮಾತಿನ ಅಗತ್ಯವೇ ಇಲ್ಲವಾಯಿತು. ಮಗು ಕೂತಿದೆ, ಎದ್ದಿದೆ, ಕೈ ಬೀಸುತ್ತಿದೆ ಎಂದು ಕಿಟಕಿಯ ಕಟ್ಟೆಯ ಮೇಲಿನ ಅಂಕಿಯಿಂದಲೇ ತಿಳಿದುಕೊಳ್ಳುತ್ತಿದ್ದ. ಲಾರಿಯನ್ನು ಸದ್ದಿನಿಂದಲೇ ಗುರುತಿಸಿ ಬದುಕಿದವನಿಗೆ ಇದೇನು ಮಹಾ ವಿದ್ಯೆಯಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಬೀದಿಯಲ್ಲಿ ಮಕ್ಕಳು ಅವಸರಕ್ಕೆ ಬಿದ್ದು ಮುಂಚೆಯೇ ಪಟಾಕಿ ಹಚ್ಚುತ್ತಿದ್ದರು. ಆ ಸಂಜೆ ಅಂಕಿ ಎಂದಿನಂತೆ ಏರಿ ಇಳಿದು, ತಗ್ಗಿನಲ್ಲೇ ನಿಂತಿತು. ಅಡುಗೆಮನೆಯಲ್ಲೂ ಸದ್ದಿಲ್ಲ. ಮಗು ನಿಂತಿದೆ, ಅಲುಗದೆ ನಿಂತಿದೆ ಎಂದುಕೊಂಡ ಭರತೇಶ ಪತ್ರಿಕೆ ಮಡಿಸಿದ. ಅಂಕಿ ಇನ್ನೂ ತಗ್ಗಿನಲ್ಲಿತ್ತು. ಇದ್ದಕ್ಕಿದ್ದಂತೆ ಅದು ಮೇಲಕ್ಕೆ ನೆಗೆಯಿತು, ಇಷ್ಟು ದಿನದಲ್ಲಿ ಒಮ್ಮೆಯೂ ಮುಟ್ಟದ ಎತ್ತರಕ್ಕೆ ಏರಿ ಅಲ್ಲೇ ನಿಂತಿತು. ಅವನು ಎದ್ದು ನಿಂತ. ಪತ್ರಿಕೆ ಜಾರಿ ಕೆಳಗೆ ಬಿದ್ದದ್ದು ಗೊತ್ತಾಗಲಿಲ್ಲ.

"ಪ್ರಸನ್ನಾ," ಎಂದು ಹಾಲಿನಿಂದಲೇ ಕರೆದ, "ನಡದ್ಲೇನು?"

ಲಕ್ಷ್ಮೀಪ್ರಸನ್ನ ಬಾಗಿಲಿಗೆ ಬಂದಳು. ಅವನಿಗೆ ಪರದೆ ಕಾಣಬಾರದೆಂದು ಫೋನನ್ನು ಎದೆಗೆ ಅವುಚಿಕೊಂಡಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹ್ಯಾಂಗ ಗೊತ್ತಾತ್ರಿ ಎಂದು ಮೆಲ್ಲಗೆ ಕೇಳಿದಳು. ಅವನು ಕಿಟಕಿಯ ಕಟ್ಟೆಯತ್ತ ಕೈ ತೋರಿಸಿದ. ಅವಳ ಎದೆಯ ಹತ್ತಿರದಿಂದ ಸಾಹಿತ್ಯಳ ನಗು, ಚಪ್ಪಾಳೆ, ಅಮ್ಮಾ ಎಲ್ಲಿ ಹೋದೆ ಎಂಬ ತೆಲುಗು ಕರೆ ಎಲ್ಲ ಒಟ್ಟಿಗೆ ಕೇಳಿಬರುತ್ತಿತ್ತು. ಅವಳು ಒಮ್ಮೆ ಅವನನ್ನು, ಒಮ್ಮೆ ಫೋನನ್ನು ನೋಡಿದಳು. ಅವಳ ಕೈ ತುಸು ಮುಂದೆ ಬಂತು.

ಭರತೇಶ ಬೇಡವೆಂದು ತಲೆಯಾಡಿಸಿದ. ಅವನ ಕಣ್ಣಲ್ಲೂ ನೀರಿತ್ತು, ಆದರೆ ಮುಖ ನಗುತ್ತಿತ್ತು.

"ನೀ ಒಳಗ ಹೋಗಿ ನೋಡು. ನಾ ಇಲ್ಲಿಂದನ ನೋಡ್ತೀನಿ."

ಅವಳು ಒಳಗೆ ಹೋದಳು. ಅವನು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ಕೂತ. ಅಂಕಿ ಏರಿತು, ಒಮ್ಮೆಲೇ ಇಳಿಯಿತು. ಬಿದ್ದಳು ಎಂದುಕೊಂಡ. ಉಸಿರು ಹಿಡಿದು ಕಾದ. ಅಂಕಿ ಮತ್ತೆ ಏರತೊಡಗಿತು.